ಎರಡನೇ ಸದ್ದು

ಇಸಾಕಣ್ಣನ ಮೇಲೆ ನನಗೆ ಬಂದ ಸಿಟ್ಟು ಇಳಿಯಲು ಮೂರು ವಾರ ಹಿಡಿಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಆಮೇಲೆ ಯಾರೂ ನನ್ನನ್ನು ಕರುಣಾಮಯಿ ಅಂತ ತಿಳಿದು ಮೋಸಹೋಗಬಾರದು. ನನ್ನ ಹೆಸರು ವೀಣ. ಹುಟ್ಟಿದ್ದು ಯಲಿಯೂರಿನಲ್ಲಿ, ರೈಲು ಹಳಿಯ ಪಕ್ಕ. ಕೆಲಸ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಕರೆಂಟು ಸ್ಟೇಷನ್ನಿನಲ್ಲಿ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಪಾಳಿ ನೋಡುತ್ತಿದ್ದೇನೆ. ಬಾಯಿ ಜೋರು ಅಂತ ಹೆಸರಿದೆ, ಇರಲಿ. ಹನ್ನೊಂದು ಸಾವಿರ ವೋಲ್ಟಿನ ಪಕ್ಕ ಕೂತು ದುಡಿಯುವವಳ ಬಾಯಿ ಮೆತ್ತಗಿದ್ದರೆ ಯಾರ ಜೀವಕ್ಕೂ ಒಳ್ಳೆಯದಲ್ಲ.

ಇಸಾಕಣ್ಣ ವರ್ಷಕ್ಕೊಮ್ಮೆ ಬರುತ್ತಿದ್ದ. ಅರವತ್ತೆರಡು ವರ್ಷ, ಬಿಳಿ ಗಡ್ಡ, ಹೆಗಲಿಗೊಂದು ಕ್ಯಾನ್ವಾಸ್ ಚೀಲ. ಮಂಡ್ಯದಲ್ಲಿ ಮನೆ. ಸ್ಟೇಷನ್ನುಗಳ ರಿಲೇಗಳನ್ನು ಪರೀಕ್ಷೆ ಮಾಡುವ ಗುತ್ತಿಗೆದಾರನೊಬ್ಬನ ಬಳಿ ಕೆಲಸ. ಬಸ್ಸಿಳಿದು ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಬರುವಾಗ ಅವನು ಅರ್ಧ ನಿದ್ದೆಯಲ್ಲಿದ್ದವನ ಹಾಗೆ ಕಾಣುತ್ತಿದ್ದ. ಗೇಟಿನ ಹತ್ತಿರ ನಿಂತು, ಅಂಗಳದ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವುದನ್ನು ಸ್ವಲ್ಪ ಹೊತ್ತು ಕೇಳಿ, "ಚೆನ್ನಾಗವ್ಳೆ ಕಣಮ್ಮ" ಅನ್ನುತ್ತಿದ್ದ. ನನ್ನನ್ನಲ್ಲ, ಟ್ರಾನ್ಸ್‌ಫಾರ್ಮರನ್ನು.

ಅವನು ಹುಟ್ಟಿದ್ದು ಜಲಪಾತದ ಹತ್ತಿರದ ಬ್ಲಫ್ ಅನ್ನುವ ಊರಿನಲ್ಲಿ. ಅಪ್ಪ ಅಲ್ಲಿನ ಪವರ್‌ಹೌಸಿನಲ್ಲಿ ಮಿಷನ್ನುಗಳಿಗೆ ಎಣ್ಣೆ ಹಾಕುತ್ತಿದ್ದವರು. ಹಗಲೂ ರಾತ್ರಿ ನೀರಿನ ಮೊರೆತ, ಮಿಷನ್ನುಗಳ ಮೊರೆತ. ಆ ಮನೆಯಲ್ಲಿ ಮಾತಿಗಿಂತ ಕೈಸನ್ನೆಯೇ ಹೆಚ್ಚಂತೆ. "ಸದ್ದಿಗೆ ಎಚ್ಚರ ಆಯ್ತಿರ್ನಿಲ್ಲ ನಂಗೆ. ಒಂದು ಮಿಷನ್ ನಿಂತ್ರೆ ದಡಕ್ಕನೆ ಎದ್ದು ಕೂತ್ಕತಿದ್ದೆ" ಅಂತ ಒಮ್ಮೆ ಹೇಳಿದ್ದ. ಇದ್ದ ಸದ್ದು ಇಲ್ಲವಾಗುವುದನ್ನು ಕೇಳುವ ಕಿವಿ ಅವನದು. ಆ ಕಿವಿಯಿಂದಲೇ ನಲವತ್ತು ವರ್ಷ ಅನ್ನ ತಿಂದ.

ಅವನ ಕೆಲಸ ಏನೆಂದು ಹೇಳಿದರೆ ಮುಂದಿನದೆಲ್ಲ ತಿಳಿಯುತ್ತದೆ. ನಮ್ಮ ಪ್ಯಾನೆಲ್‌ಗಳಲ್ಲಿ ಈಗ ಕಂಪ್ಯೂಟರಿನಂಥ ಒಂದು ಬೂದು ಡಬ್ಬಿ ಇರುತ್ತದೆ. ದೂರದ ಕಂಟ್ರೋಲ್ ಕೇಂದ್ರದವರು ಗುಂಡಿ ಒತ್ತಿ "ಈ ಫೀಡರ್ ಹಾಕು", ಅಂದರೆ ಊರುಗಳಿಗೆ ಹೋಗುವ ಈ ಲೈನಿಗೆ ಕರೆಂಟು ಬಿಡು, ಅಂತ ಕಳಿಸಿದ ಆಜ್ಞೆ ಈ ಡಬ್ಬಿಗೆ ಬರುತ್ತದೆ. ಡಬ್ಬಿಗೆ ಬುದ್ಧಿಯಿದೆ, ಕೈಯಿಲ್ಲ. ಹಾಗಾಗಿ ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚಿಕ್ಕ ರಿಲೇಗಳನ್ನು ಕೂರಿಸಿರುತ್ತಾರೆ. ಆಜ್ಞೆ ಬಂದಾಗ ರಿಲೇಯ ಸುರುಳಿ ಒಂದು ಲೋಹದ ನಾಲಿಗೆಯನ್ನು ಎಳೆದುಕೊಳ್ಳುತ್ತದೆ, ಎರಡು ಚುಕ್ಕೆಗಳು ಕೂಡುತ್ತವೆ, ಬ್ಯಾಟರಿಯ ಕರೆಂಟು ಅವುಗಳ ಮೂಲಕ ಹರಿದು ಹೋಗಿ ಬ್ರೇಕರನ್ನು, ಅಂದರೆ ಆ ಲೈನಿನ ದೊಡ್ಡ ಸ್ವಿಚ್ಚನ್ನು, ಧಡ್ ಅಂತ ಹಾಕುತ್ತದೆ. ಅರ್ಧ ಸೆಕೆಂಡು ಅಷ್ಟೇ. ಆಮೇಲೆ ನಾಲಿಗೆ ಬಿಟ್ಟುಕೊಳ್ಳಬೇಕು. ಎಳೆದುಕೊಂಡಾಗ ಒಂದು ಟಿಕ್, ಬಿಟ್ಟಾಗ ಇನ್ನೂ ಮೆಲ್ಲಗೆ ಇನ್ನೊಂದು.

ಆ ಎರಡು ಸದ್ದನ್ನು ಇಸಾಕಣ್ಣ ಕೇಳುತ್ತಿದ್ದ. ಬ್ರೇಕರಿಗೆ ಹೋಗುವ ತಂತಿಗಳ ಕೊಂಡಿ ಬಿಚ್ಚಿ, ಲ್ಯಾಪ್‌ಟಾಪಿನಿಂದ ಒಂದೊಂದೇ ಆಜ್ಞೆ ಕೊಟ್ಟು, ಸ್ಟೂಲಿನ ಮೇಲೆ ಕಣ್ಣುಮುಚ್ಚಿ ಕೂರುತ್ತಿದ್ದ. ಒಂದು ಡಬ್ಬಿಗೆ ಹದಿನಾರು ರಿಲೇ. ಪ್ರತಿಯೊಂದಕ್ಕೂ ಮೀಟರ್ ಹಚ್ಚಿ ನೋಡಬೇಕೆಂದು ನಿಯಮ. ಮೀಟರ್ ಅವನ ಚೀಲದಲ್ಲೇ ಇರುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಅವನು ಬಂದ ದಿನ ನಾನು ಫ್ಯಾನ್ ನಿಲ್ಲಿಸುತ್ತಿದ್ದೆ, ಕಿಟಕಿ ಮುಚ್ಚುತ್ತಿದ್ದೆ. ಆ ಮಧ್ಯಾಹ್ನಗಳು ನನಗೆ ಬಹಳ ಇಷ್ಟವಾಗಿದ್ದವು. ಹೊರಗೆ ಬಿಸಿಲು, ಎಲ್ಲೋ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ, ಒಳಗೆ ಟಿಕ್, ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್. ಪ್ರತಿ ಸಲವೂ ಅವನ ತಲೆ ಸ್ವಲ್ಪವೇ ಆಡುತ್ತಿತ್ತು. ನಾನು ರಿಜಿಸ್ಟರಿನ ಮೇಲೆ ತಲೆಯಿಟ್ಟು ಎಷ್ಟೋ ಸಲ ತೂಕಡಿಸಿದ್ದೇನೆ. ಹೋದ ಜನವರಿಯಲ್ಲಿ ಬಂದಾಗಲೂ ತೂಕಡಿಸಿದ್ದೆ, ಅದಕ್ಕೇ ಆ ದಿನ ಏನು ಕೇಳಿತು, ಏನು ಕೇಳಲಿಲ್ಲ ಅಂತ ಆಣೆ ಮಾಡಿ ಹೇಳಲಾರೆ. ಅವನು ಹದಿನಾರಕ್ಕೂ ಸರಿ ಅಂತ ಗುರುತು ಹಾಕಿ, ಸಹಿ ಮಾಡಿ, ಮಂಡ್ಯದ ಬಸ್ಸು ಹತ್ತಿದ.

ಹತ್ತು ದಿನ ಕಳೆದ ಮೇಲೆ ತಿಮ್ಮಯ್ಯ ಬಂದು ಎಲ್.ಸಿ. ತೆಗೆದುಕೊಂಡ. ತಿಮ್ಮಯ್ಯ ಚಿಕ್ಕರಸಿನಕೆರೆ ಕಡೆಯ ಲೈನ್‌ಮನ್. ಎಲ್.ಸಿ. ಅಂದರೆ ಲೈನ್ ಕ್ಲಿಯರ್. ಅವರು ಕಂಬ ಹತ್ತುವ ಮೊದಲು ನಾವು ಕರೆಂಟು ತೆಗೆದು, ಬ್ರೇಕರಿನ ಗಾಡಿಯನ್ನೇ ಹೊರಗೆಳೆದು, ಬರೆದುಕೊಡುವ ಭರವಸೆ. ಅದನ್ನು ಅವನು ವಾಪಸು ಕೊಡುವವರೆಗೆ ಫೀಡರನ್ನು ದೇವರು ಬಂದರೂ ಹಾಕುವ ಹಾಗಿಲ್ಲ. ಅದರ ಮೇಲೆ ನನ್ನದೇ ಒಂದು ಪದ್ಧತಿ ಇತ್ತು, ಯಾವ ಪುಸ್ತಕದಲ್ಲೂ ಇಲ್ಲದ್ದು. ಎಲ್.ಸಿ. ವಾಪಸು ಬಂದ ಮೇಲೂ, ಹಾಕುವ ಮುಂಚೆ, ಲೈನ್‌ಮನ್‌ಗೆ ಇನ್ನೊಂದು ಫೋನ್ ಮಾಡಿ "ಬುಡ್ತಾ ಇವ್ನಿ" ಅನ್ನುತ್ತಿದ್ದೆ. ಈ ಭಾಗದ ಹುಡುಗರಿಗೆಲ್ಲ ಅದು ಗೊತ್ತು. ವೀಣಕ್ಕ ಫೋನ್ ಮಾಡದೆ ಕರೆಂಟು ಬರುವುದಿಲ್ಲ ಅಂತ ಅವರ ನಂಬಿಕೆ.

ಹನ್ನೊಂದೂವರೆಗೆ ತಿಮ್ಮಯ್ಯ ಫೋನಿನಲ್ಲಿ, ಕೆಲಸ ಆಯ್ತು, ಎಲ್ಲರೂ ಇಳಿದಿದ್ದೇವೆ ಅಂತ ಎಲ್.ಸಿ. ವಾಪಸು ಕೊಟ್ಟ. ನಾನು ಬರೆದುಕೊಂಡೆ. ಬ್ರೇಕರ್ ಗಾಡಿಯನ್ನು ಒಳಗೆ ತಳ್ಳಿದೆ. ಇನ್ನು ಉಳಿದದ್ದು ಮೂರು: ಪ್ಯಾನೆಲಿನ ಸ್ವಿಚ್ಚನ್ನು ಲೋಕಲ್‌ನಿಂದ ರಿಮೋಟ್‌ಗೆ ತಿರುಗಿಸುವುದು, ತಿಮ್ಮಯ್ಯನಿಗೆ ಫೋನ್ ಮಾಡುವುದು, ಆಮೇಲೆ ಕಂಟ್ರೋಲ್ ಕೇಂದ್ರಕ್ಕೆ ಹಾಕಿ ಅನ್ನುವುದು. ಸ್ವಿಚ್ಚು ಲೋಕಲ್‌ನಲ್ಲಿರುವಷ್ಟು ಹೊತ್ತು ಡಬ್ಬಿಯ ರಿಲೇಗಳ ಮಾತು ಬ್ರೇಕರಿಗೆ ತಲುಪುವುದಿಲ್ಲ. ನಾನು ರಿಮೋಟ್‌ಗೆ ತಿರುಗಿಸಿದೆ.

ಧಡ್ ಅಂತು. ಯಾರೂ ಆಜ್ಞೆ ಕೊಟ್ಟಿಲ್ಲ, ಬ್ರೇಕರ್ ತಾನೇ ಹಾಕಿಕೊಂಡಿದೆ, ಕೆಂಪು ದೀಪ ಹತ್ತಿದೆ. ನನ್ನ ಕೈ ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು. ಆ ಕೈಯಿಂದಲೇ ಅದನ್ನು ಲೋಕಲ್‌ಗೆ ತಿರುಗಿಸಿ, ಬ್ರೇಕರ್ ತೆಗೆದು ತಿಮ್ಮಯ್ಯನಿಗೆ ಫೋನ್ ಮಾಡಿದೆ. ಒಂದು ರಿಂಗ್, ಎರಡು, ಐದು, ಏಳು. ಆ ಏಳು ರಿಂಗಿನಲ್ಲಿ ನಾನು ಅವನ ಹೆಂಡತಿಗೆ ಏನು ಹೇಳಬೇಕೆಂದು ಕೂಡ ಯೋಚಿಸಿಬಿಟ್ಟಿದ್ದೆ.

"ಅಕ್ಕಾ" ಅಂದ. ಉಸಿರು ಸಿಕ್ಕುತ್ತಿರಲಿಲ್ಲ. "ಫೋನ್ ಮಾಡ್ದೇನೆ ಬುಟ್ಬುಟ್ಯಲ್ಲಕ್ಕ. ಇಕ್ಕಳ ಮೇಲೇ ಮರ್ತಿದ್ದೆ. ನಿನ್ ಫೋನ್ ಬರಕ್ಕೆ ಇನ್ನೂ ಟೇಮ್ ಅದೆ ಅಂತ ಏಣಿ ಅತ್ತಿದ್ದೆ. ಪಿಂಗಾಣಿ ಚಿಟಿಚಿಟಿ ಅಂತು, ಕೆಳೀಕೆ ದುಮುಕ್ಬುಟ್ಟೆ."

"ಎಲ್.ಸಿ. ವಾಪಸ್ ಕೊಟ್ ಮೇಲೆ ಯಾಕ್ಲಾ ಅತ್ತಿದೆ, ಮುಂಡೇದೆ" ಅಂತ ಬೈದೆ, ಅಳು ಬಂತು, ಅಳುತ್ತಲೇ ಇನ್ನೂ ಬೈದೆ. ಅವನು ಸುಮ್ಮನೆ ಕೇಳಿಸಿಕೊಂಡ. ಕಾಲು ಉಳುಕಿತ್ತು, ಅಷ್ಟೇ. ಮೊಳದುದ್ದದಲ್ಲಿ ಉಳಿದಿದ್ದ.

ಮಧ್ಯಾಹ್ನವೇ ನಮ್ಮ ಇಂಜಿನಿಯರ್ ದೀಪಿಕ ಬಂದರು. ಒಳ್ಳೆಯ ಹುಡುಗಿ, ಲೆಕ್ಕಾಚಾರದವಳು. ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರು. ಕೇಂದ್ರದಿಂದ ಆ ಹೊತ್ತಿಗೆ ಯಾವ ಆಜ್ಞೆಯೂ ಬಂದಿರಲಿಲ್ಲ. ರಿಲೇ ಸರಿಯಿದೆ ಅಂತ ಇಸಾಕಣ್ಣನ ಸಹಿ ಹತ್ತು ದಿನದ ಹಿಂದಿನದು. ಹಾಗಾದರೆ ಉಳಿದಿದ್ದು ಸ್ವಿಚ್ಚಿನ ಪಕ್ಕದ, ಬ್ರೇಕರನ್ನು ಕೈಯಿಂದ ಹಾಕುವ ಹಿಡಿ; ಅಂದರೆ ನಾನು.

"ವೀಣ ಅವರೇ, ತಪ್ಪಿ ಆ ಹಿಡಿ ತಿರುಗಿಸಿದ್ರಾ? ನೆನಪು ಮಾಡ್ಕೊಳ್ಳಿ" ಅಂದರು.

"ನಂಗೇನ್ ಮರವಾ ಮೇಡಂ? ರಿಮೋಟ್ ಸ್ವಿಚ್ ಬುಟ್ಟು ಇನ್ನೇನೂ ಮುಟ್ಟಿಲ್ಲ."

ಮಾರನೆಯ ದಿನ ನನಗೆ ಕಾರಣ ಕೇಳಿ ನೋಟಿಸ್ ಬಂತು. ಒಂದು ವಾರ ಸಮಯ, ಆಮೇಲೆ ಅಮಾನತು. ಕೆಲಸ ಹೋದರೆ ಹೇಗೋ ಬದುಕಬಹುದಿತ್ತು. ಫೋನ್ ಮಾಡದೆ ಕರೆಂಟು ಬಿಟ್ಟವಳು ಅಂತ ಈ ಸುತ್ತಿನ ಲೈನ್‌ಮನ್‌ಗಳ ಬಾಯಲ್ಲಿ ಉಳಿಯುವುದನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಇಸಾಕಣ್ಣನನ್ನೇ ಕರೆಸಿ ಮತ್ತೆ ನೋಡಿಸಿ ಅಂತ ದೀಪಿಕ ಅವರನ್ನು ಕೇಳಿಕೊಂಡೆ. ಅವನು ಸರಿಯಿಲ್ಲ ಅಂದರೆ ನಾನು ಉಳಿಯುತ್ತೇನೆ. ಸರಿಯಿದೆ ಅಂದರೆ ಮುಗಿಯಿತು.

ಅವನು ಬಂದ. ಗೇಟಿನ ಬಳಿ ನಿಂತು ಟ್ರಾನ್ಸ್‌ಫಾರ್ಮರ್ ಕೇಳಲಿಲ್ಲ. ಕೊಂಡಿ ಬಿಚ್ಚಿ, ಸ್ಟೂಲಿನ ಮೇಲೆ ಕೂತು, ಕಣ್ಣುಮುಚ್ಚಿದ. ದೀಪಿಕ ಪಕ್ಕದ ಕೋಣೆಯಲ್ಲಿ ಕಾಗದ ನೋಡುತ್ತಿದ್ದರು. ನಾನು ಫ್ಯಾನ್ ನಿಲ್ಲಿಸಿ ಅವನ ಬೆನ್ನಿಗೇ ನಿಂತೆ. ಬ್ರೇಕರ್ ಹಾಕುವ ರಿಲೇಗೆ ಆಜ್ಞೆ ಕೊಟ್ಟ. ಟುಕ್ ಅಂತ ಒಂದು ಮಂಕು ಸದ್ದು. ಸ್ವಲ್ಪ ಹೊತ್ತಾದ ಮೇಲೆ ಅವನ ತಲೆ ಎಂದಿನ ಹಾಗೆ ಆಡಿತು.

"ಎರಡೂ ಸರಿ ಅವೆ ಕಣಮ್ಮ" ಅಂದ, ಬಹಳ ನೋವಿನಿಂದ. ನನ್ನ ತಪ್ಪೆಂದು ಆಯಿತಲ್ಲ ಅಂತ ಅವನಿಗೆ ಸಂಕಟ.

"ಎರಡೆಲ್ಲಿ ಬಂತು? ಒಂದೇ ಬಂದದ್ದು."

"ಬಂತು."

"ಇನ್ನೊಂದ್ ಸಲ ಕೊಡು ಇಸಾಕಣ್ಣ."

ಕೊಟ್ಟ. ಒಂದೇ ಸದ್ದು, ಆಮೇಲೆ ಏನೂ ಇಲ್ಲ. ಅವನ ತಲೆ ಮತ್ತೆ ಆಡಿತು. ಆಗ ನನಗೆ ಹೊಳೆಯಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಬಾರದ ಸದ್ದು ಅವನಿಗೆ ಕೇಳಿಸುತ್ತಿತ್ತು. "ಮೀಟರ್ ತಗಿ" ಅಂದೆ. ನನ್ನ ದನಿ ಹೇಗಿತ್ತೋ, ತಕ್ಷಣ ಚೀಲದಿಂದ ತೆಗೆದ. ಎರಡು ಕಡ್ಡಿಗಳನ್ನು ರಿಲೇಯ ಎರಡು ತುದಿಗೆ ಹಚ್ಚಿದ. ಆ ಮೀಟರ್ ಚುಕ್ಕೆಗಳು ಕೂಡಿದ್ದರೆ ಸಣ್ಣ ದನಿಯಲ್ಲಿ ಪೀ ಅಂತ ಕೂಗುವಂಥದ್ದು. ಕೂಗಿತು. ಆಜ್ಞೆ ಇಲ್ಲ, ಏನಿಲ್ಲ, ಎಡೆಬಿಡದೆ ಕೂಗುತ್ತಲೇ ಇತ್ತು. ನನ್ನ ಹಲ್ಲು ಜುಮುಗುಟ್ಟುವಷ್ಟು.

ಇಸಾಕಣ್ಣ ನನ್ನ ಮುಖ ನೋಡಿದ. "ಕೂಗ್ತಾ ಇಲ್ವಲ್ಲ" ಅಂದ.

"ಕೂಗ್ತಾ ಅದೆ ಇಸಾಕಣ್ಣ."

ಅವನು ಬಗ್ಗಿ ಮೀಟರಿನ ಅಂಕಿ ಓದಿದ. ಸೊನ್ನೆ ಪಾಯಿಂಟ್ ಎರಡು. ಚುಕ್ಕೆಗಳು ಅಂಟಿಕೊಂಡು ಕೂತಿದ್ದವು. ಕಡ್ಡಿ ತೆಗೆದ, ಮತ್ತೆ ಹಚ್ಚಿದ, ಮತ್ತೆ ಓದಿದ. ಕಿಟಕಿಯ ಬೆಳಕು ಅವನ ಮೊಣಕಾಲಿನ ಮೇಲಿತ್ತು. ನೀರೊಳಗೆ ಕೂತವನಿಗೆ ದಡದ ಮಾತು ತಲುಪದ ಹಾಗೆ ನನ್ನ ಮಾತು ಅವನಿಗೆ ತಲುಪುತ್ತಿರಲಿಲ್ಲ. ಆಮೇಲೆ ತನಗೇ ಅನ್ನುವ ಹಾಗೆ ಹೇಳತೊಡಗಿದ.

"ಈ ಚಿಕ್ಕದು ಕರೆಂಟ್ ಸುರು ಮಾಡ್ತದೆ ಕಣಮ್ಮ, ಕಡಿಯಕ್ಕೆ ಆಗಕಿಲ್ಲ. ಕಡಿಯದು ಬ್ರೇಕರ್ ಒಳಗಿರೋ ಇನ್ನೊಂದು ಕಾಂಟ್ಯಾಕ್ಟ್. ಅದ್ರ ಗ್ರೀಸ್ ಒಣಗೋಗಿ ನಿಧಾನ ಆಗ್ಬುಟ್ಟದೆ. ಅದು ಕಡಿಯಕ್ ಮುಂಚೇನೇ ಇದು ಬುಟ್ಕಳಕ್ಕೆ ಓಗಿ, ಕಿಡಿ ಸಿಡ್ದು ಚುಕ್ಕೆ ಕರಗ್ಬುಟ್ಟವೆ. ಜನವರೀಲಿ ನಾನ್ ಬರಕ್ ಮುಂಚೇನೇ ಅಂಟ್ಕಂಡಿತ್ತು. ಅವತ್ತು ಬ್ರೇಕರ್ ಆಗ್ಲೇ ಆಕಿತ್ತಲ್ಲ, ಅದ್ಕೇ ಏನೂ ಗೊತ್ತಾಗ್ನಿಲ್ಲ."

ಹೇಳುತ್ತಲೇ ಅವನ ಕೈ ಸ್ಕ್ರೂಡ್ರೈವರ್ ಎತ್ತಿಕೊಂಡಿತ್ತು. ಹಿಡಿಯ ಕಡೆ ಡಬ್ಬಿಗೆ ತಿರುಗಿತ್ತು. ನನಗೂ ಗೊತ್ತು, ಅಂಟಿದ ರಿಲೇಗೆ ಹೊರಗಿನಿಂದ ಒಂದು ಮೊಟಕು ಮೊಟಕಿದರೆ ಸಾಕು, ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡರೆ ಮೀಟರೂ ಸರಿ, ಸಹಿಯೂ ಸರಿ, ಅವನ ನಲವತ್ತು ವರ್ಷವೂ ಸರಿ. ನಾನೊಬ್ಬಳೇ ತಪ್ಪು. ಕಿರುಚಬೇಕೆನಿಸಿತು.

ಅವನು ಸ್ಕ್ರೂಡ್ರೈವರನ್ನು ನೋಡಿದ, ಎಲ್ಲಿಂದ ತನ್ನ ಕೈಗೆ ಬಂತೋ ಎಂಬಂತೆ. ನನ್ನ ಕೈಗೆ ಕೊಟ್ಟ. "ಇದ್ನ ನಿನ್ತವೇ ಮಡಿಕೊ. ನಾನ್ ಕೇಳುದ್ರೂ ಕೊಡ್ಬ್ಯಾಡ. ಮೇಡಮ್ಮನ್ನ ಕರಿ."

ದೀಪಿಕ ಬಂದರು, ಅಂಕಿ ನೋಡಿದರು, ಫೋಟೊ ತೆಗೆದರು. ನನ್ನ ಕಡೆ ತಿರುಗಿ "ಕ್ಷಮಿಸಿ" ಅಂದರು. ಆಮೇಲೆ ಅವನ ವಯಸ್ಸು ನೋಡಿ ಪಾಪ ಅನ್ನಿಸಿರಬೇಕು. "ನಿಮ್ಮ ಪರೀಕ್ಷೆ ಆದ್ಮೇಲೆ ಅಂಟ್ಕೊಂಡಿರಬಹುದು ಅಂತ ಬರೀರಿ ಇಸಾಕ್ ಅವರೇ. ವೀಣ ಅವರಿಗೂ ತೊಂದ್ರೆ ಇಲ್ಲ, ನಿಮಗೂ ಇಲ್ಲ."

ಅದಾಗಲಿ ಅಂತ ನನಗೂ ಅನ್ನಿಸಿತ್ತು, ಸುಳ್ಳೇಕೆ. ನಾನು ಉಳಿದಿದ್ದೆ, ನನಗೆ ಅಷ್ಟು ಸಾಕಿತ್ತು.

ಇಸಾಕಣ್ಣ ಬೇಡವೆಂದು ತಲೆಯಾಡಿಸಿದ. "ಅಂಗ್ ಬರದ್ರೆ ಇದೊಂದೇ ಕೆಟ್ಟಿತ್ತು ಅಂತ ಆಯ್ತದೆ ಮೇಡಂ. ಒಂದ್ ವರ್ಸದಲ್ಲಿ ಇನ್ನೂ ಹದಿಮೂರು ಸ್ಟೇಷನ್ ನೋಡಿವ್ನಿ, ಇದೇ ಕಿವೀಲಿ. ಅವುಗುಳ್ನ ಯಾರೂ ನೋಡಕಿಲ್ಲ." ಕಾಗದ ತೆಗೆದುಕೊಂಡು ಕನ್ನಡದಲ್ಲೇ ಬರೆದ: ಎರಡನೆಯ ಸದ್ದು ಬರಲಿಲ್ಲ, ಬಂತೆಂದು ನಾನು ಬರೆದೆ, ನನ್ನ ಕಿವಿ ಹೋಗಿರುವುದು ನನಗೆ ತಿಳಿದಿರಲಿಲ್ಲ, ಮೀಟರ್ ಹಚ್ಚಲಿಲ್ಲ. ಕೆಳಗೆ ಹದಿಮೂರು ಸ್ಟೇಷನ್ನುಗಳ ಹೆಸರು. ಗುತ್ತಿಗೆದಾರ ಮರುದಿನವೇ ಅವನನ್ನು ಕೆಲಸದಿಂದ ಬಿಡಿಸಿದ.

ಅವನ ಹೆಂಡತಿ ಶಮೀಮ್ ಬಾನುವನ್ನು ನಾನು ಮೊದಲು ನೋಡಿದ್ದು ಆ ವಾರ. ಬೈಯಬೇಕು ಅಂತಲೇ ಮಂಡ್ಯದ ಅವರ ಮನೆಗೆ ಹೋಗಿದ್ದೆ. ಮೀಟರ್ ಚೀಲದಲ್ಲಿ ಹೊತ್ತು ತಿರುಗಿದವನು ಒಂದು ಸಲ ಹೊರಗೆ ತೆಗೆದಿದ್ದರೆ ತಿಮ್ಮಯ್ಯ ಏಣಿಯಿಂದ ದುಮುಕಬೇಕಿರಲಿಲ್ಲ. ಆಕೆ ಟೀ ಕೊಟ್ಟು ಮೆಲ್ಲಗೆ ಹೇಳಿದಳು: "ಒಂದ್ ವರ್ಸದಿಂದ ಕುಕ್ಕರ್ ವಿಸಿಲ್ ಕೂಗುದ್ರೂ ಎದ್ದು ಆರಿಸ್ತಿರ್ನಿಲ್ಲ. ಯಾವ್ದೋ ಯೋಚ್ನೇಲಿ ಅವ್ರೆ ಅನ್ಕಂಡೆ. ಮೊದಲಿಂದ್ಲೂ ಅಂಗೇ ಅಲ್ವಾ ಅವ್ರು." ಬೈಗುಳ ಬಾಯಲ್ಲೇ ಉಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಹದಿಮೂರನ್ನೂ ಮತ್ತೆ ನೋಡಲು ದೀಪಿಕ ಹೇಗೋ ಅನುಮತಿ ತಂದರು. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಇಸಾಕಣ್ಣನಷ್ಟು ಬಲ್ಲವರಿಲ್ಲ, ಅವನು ತೋರಿಸಬೇಕು; ಮೀಟರ್ ಹಚ್ಚಿ ಓದಿ ಬರೆಯುವುದು ನಾನು. ಬಸ್ಸಿನಲ್ಲಿ ಹೋಗುತ್ತಿದ್ದೆವು. ನಾನು ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದೆ, ಮಾತಾಡುತ್ತಿರಲಿಲ್ಲ. ಕಬ್ಬು, ನಾಲೆ, ತೆಂಗು, ಮತ್ತೆ ಕಬ್ಬು. ಶಮೀಮ್ ಬಾನು ಇಬ್ಬರಿಗೂ ಬುತ್ತಿ ಕಟ್ಟುತ್ತಿದ್ದಳು, ಅದನ್ನು ಮಾತ್ರ ತಿನ್ನುತ್ತಿದ್ದೆ. ಸ್ಟೇಷನ್ನುಗಳ ಒಳಗೆ ಅವನು ಕಣ್ಣು ತೆರೆದುಕೊಂಡೇ ಇರುತ್ತಿದ್ದ. ಆಜ್ಞೆ ಕೊಟ್ಟು ನನ್ನ ಬೆರಳನ್ನೇ ನೋಡುತ್ತಿದ್ದ. ಬಿಟ್ಟಿದೆ ಅಂತ ನಾನು ಗುರುತು ಹಾಕಿದರೆ ಮುಂದಿನದು. ಎರಡು, ಐದು, ಎಂಟು ಸ್ಟೇಷನ್ನು. ಎಲ್ಲ ಸರಿಯಾಗಿದ್ದವು. ಸುಮ್ಮನೆ ಬರೆದುಕೊಟ್ಟು ಅನ್ನ ಕಳೆದುಕೊಂಡೆಯಲ್ಲ ಅಂತ ಅಲ್ಲಿನ ಆಪರೇಟರುಗಳು ಅವನ ಮುಂದೆಯೇ ಆಡಿಕೊಂಡರು. ಅವನಿಗೆ ಅದು ಕೇಳಿಸಿತೋ ಇಲ್ಲವೋ.

ಹತ್ತನೆಯದು ಮಳವಳ್ಳಿಯ ಆಚೆ. ಮಧ್ಯಾಹ್ನ ಮೂರು ಗಂಟೆ. ಮೂರನೇ ಫೀಡರಿನ ಹಾಕುವ ರಿಲೇಗೆ ನಾನು ಕಡ್ಡಿ ಹಚ್ಚಿದೆ. ಅವನು ಇನ್ನೂ ಆಜ್ಞೆ ಕೊಟ್ಟಿರಲಿಲ್ಲ. ಮೀಟರ್ ಕೂಗಿತು.

ನಾನು ಅವನ ಕಡೆ ತಿರುಗಿದೆ. ಅವನು ನನ್ನ ಮುಖದಿಂದಲೇ ತಿಳಿದುಕೊಂಡ. ಗೋಡೆಗೆ ಒರಗಿ ನಿಧಾನವಾಗಿ ನೆಲಕ್ಕೆ ಕುಸಿದು ಕೂತ. ಹೋಗಿ ಅವನ ಪಕ್ಕ ನಾನೂ ಕೂತೆ. ಆಗ ನನ್ನ ಸಿಟ್ಟು ಹೋಯಿತು, ಎಲ್ಲಿಗೆ ಹೋಯಿತೆಂದು ಗೊತ್ತಿಲ್ಲ.

ಬಾಗಿಲಲ್ಲಿ ಒಬ್ಬ ಲೈನ್‌ಮನ್ ನಿಂತಿದ್ದ. ಮೂವತ್ತರೊಳಗಿನವನು, ಹೆಗಲ ಮೇಲೆ ಹಗ್ಗ, ಕೈಯಲ್ಲಿ ಅದೇ ಮೂರನೇ ಫೀಡರಿಗೆ ಎಲ್.ಸಿ. ಕೇಳುವ ಕಾಗದ. "ಅರ್ಧ ಗಂಟೆಯಿಂದ ಕಾಯ್ತಾ ಇವ್ನಿ. ನೀವು ನೆಲದ್ ಮೇಲೆ ಕೂತು ಅರಟೆ ಒಡಿತಿದ್ದೀರಾ?"

"ಇವತ್ತು ಆ ಫೀಡರ್‌ಗೆ ಎಲ್.ಸಿ. ಇಲ್ಲ ಕಣಪ್ಪ, ರಿಪೇರಿ ಅದೆ" ಅಂದೆ. "ಮನೀಗ್ ಓಗು."

"ನಿಮ್ಮ ರಿಪೇರಿಗಿಷ್ಟು" ಅಂತ ಗೊಣಗಿದ. ಇನ್ನೂ ಏನೇನೋ ಬೈದ. ನಮ್ಮಂಥವರಿಂದಲೇ ಇಲಾಖೆ ಹಾಳಾಯಿತು ಅಂದ. ನಾನು ಎದುರು ಮಾತಾಡಲಿಲ್ಲ, ಜನ್ಮದಲ್ಲಿ ಅದೊಂದು ಸಲ. ಇಸಾಕಣ್ಣ ಎದ್ದು ಕಿಟಕಿಗೆ ಹೋದ. ಹುಡುಗ ಕಾಗದ ಮಡಚಿ ಜೇಬಿಗೆ ತುರುಕಿ, ಬೈಕ್ ಒದ್ದು, ನಾಲೆಯ ಏರಿಯ ಮೇಲೆ ಊರ ಕಡೆ ಹೊರಟ. ಬೈಕ್ ತಿರುವಿನಲ್ಲಿ ಮರೆಯಾದ ಮೇಲೂ ಇಸಾಕಣ್ಣ ಅಲ್ಲೇ ನಿಂತಿದ್ದ.

"ಏನಂದ ಅವ್ನು?" ಅಂತ ಕೇಳಿದ.

"ಮನೀಗ್ ಓಯ್ತೀನಿ ಅಂದ" ಅಂದೆ.